ಎದ್ದು ಹೊರಗೆ ಹೋಗುವ ನಿಯಮ

ಒದ್ದೆ ಕೊಡೆ ಮತ್ತು ಫಿನೈಲು, ಇವೆರಡೂ ಬೆರೆತ ವಾಸನೆ ಮಳೆಗಾಲದಲ್ಲಿ ಸರ್ಕಾರಿ ಕಟ್ಟಡಗಳಲ್ಲಿ ಮಾತ್ರ ಸಿಗುತ್ತದೆ. ಹೋದ ಶನಿವಾರ ನಮ್ಮ ವಾರ್ಡ್ ಕಚೇರಿಯ ಮೆಟ್ಟಿಲು ಹತ್ತಿ ಮಹಡಿಯ ಪಡಸಾಲೆಗೆ ಕಾಲಿಟ್ಟಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಸಭೆಯ ಕೋಣೆಯ ಹೊರಗೆ ಅದೇ ಕಬ್ಬಿಣದ ಬೆಂಚು. ಅದರ ಒಂದು ಕಾಲು ಗಿಡ್ಡ, ಕೂತರೆ ಎಡಕ್ಕೆ ವಾಲುತ್ತದೆ. ನಾನು ಕೂರಲಿಲ್ಲ. ಕೊಡೆ ಮಡಚಿ ಗೋಡೆಗೆ ಒರಗಿಸಿ ಅದನ್ನೇ ನೋಡುತ್ತ ನಿಂತೆ. ಆ ಬೆಂಚಿನ ಮೇಲೆ ರತ್ನಮ್ಮ ನಗುನಗುತ್ತ ಕೂತಿದ್ದ ಮಧ್ಯಾಹ್ನ ನೆನಪಾಗಿ ಹಳೆಯ ಸಿಟ್ಟು ಮತ್ತೆ ಎದ್ದಿತು. ಆರಿರಬಹುದು ಅಂದುಕೊಂಡಿದ್ದೆ, ಆರಿರಲಿಲ್ಲ.

ನನ್ನನ್ನು ಅಲ್ಲಿಗೆ ಕರೆದವರು ಗಂಗಾಧರಯ್ಯನವರೇ. ಎರಡು ದಿನ ಮೊದಲು ಫೋನು ಮಾಡಿದ್ದರು. "ವಿಮಲಮ್ಮ, ಹೊಸ ವಾರ್ಡ್ ಸಮಿತಿಯವರಿಗೆ ತರಬೇತಿ ಇಟ್ಕೊಂಡಿದಾರೆ. ನಮ್ಮ ನಿಯಮದ ಬಗ್ಗೆ ನಾನು ಮಾತಾಡ್ತಿದೀನಿ. ಬರೆದೋರು ನೀವು, ನೀವಿಲ್ದೆ ಹೇಗೆ? ಬರ್ಲೇಬೇಕು." ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ನಾನು ಅವರೊಂದಿಗೆ ಮಾತು ಬಿಟ್ಟು ಎರಡು ಮಳೆಗಾಲ ಕಳೆದಿದ್ದವು. ಅವರಿಗೆ ಅದು ಗೊತ್ತೇ ಆಗಿರಲಿಲ್ಲವೆಂದು ಕಾಣುತ್ತದೆ. ಮಾತು ಬಿಟ್ಟ ಕಷ್ಟವನ್ನೆಲ್ಲ ನಾನೊಬ್ಬಳೇ ಪಟ್ಟಿದ್ದೆ.

ಇದೆಲ್ಲ ನಡೆದ ಮಳೆಗಾಲ ಶುರುವಾದಾಗ ನಮ್ಮವರು ತೀರಿಕೊಂಡು ವರ್ಷ ತುಂಬಿರಲಿಲ್ಲ. ನಾನು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಎದುರಿಗೆ ಕೂತವರ ಅಳುವಿನಲ್ಲಿ ನಿಜವೆಷ್ಟು, ನಾಟಕವೆಷ್ಟು ಎಂದು ಅಳೆಯುವುದೇ ನನ್ನ ಅನ್ನದ ದಾರಿಯಾಗಿತ್ತು. ನಮ್ಮವರು ನನ್ನನ್ನು "ಅನುಮಾನದ ಪೆಟ್ಟಿಗೆ" ಎಂದು ಕರೆಯುತ್ತಿದ್ದರು. ಅವರು ಹೋದ ಮೇಲೆ ಹಾಗೆ ಕರೆಯುವವರೂ ಇಲ್ಲದೆ ಬನಶಂಕರಿಯ ಮಹಡಿ ಮನೆಯಲ್ಲಿ ಒಬ್ಬಳೇ ಕೂತು ಟೀವಿಯೊಂದಿಗೆ ಜಗಳವಾಡುತ್ತಿದ್ದೆ. ಆಗ ಕೈಹಿಡಿದು ಎಬ್ಬಿಸಿದವರು ಗಂಗಾಧರಯ್ಯನವರು.

ಅವರು ಹಿಂದಿನ ಬೀದಿಯವರು. ಸರ್ಕಾರದ ಲೆಕ್ಕ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ತಪಾಸಣೆಗೆ ಹೋದ ಕಚೇರಿಗಳಲ್ಲಿ ಒಂದು ಲೋಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲವಂತೆ, ಮನೆಯಿಂದ ಫ್ಲಾಸ್ಕು ಒಯ್ಯುತ್ತಿದ್ದರಂತೆ. ಇದನ್ನು ಅವರೇ ಹೇಳುತ್ತಿದ್ದರು, ಆದರೂ ನಿಜ. ನಮ್ಮವರು ಹೋದಾಗ ಬ್ಯಾಂಕು, ಪಿಂಚಣಿ ಎಂದು ನನ್ನ ಜೊತೆ ಓಡಾಡಿದ್ದರು. ಅವರ ಮಡದಿ ತಿಂಗಳುಗಟ್ಟಲೆ ರೊಟ್ಟಿ ಪಲ್ಯ ಕಳಿಸಿದ್ದರು. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಇದ್ದಿದ್ದರೆ ಹೀಗೇ ಇರುತ್ತಿದ್ದ ಎಂದು ಆ ದಿನಗಳಲ್ಲಿ ಮನಸಾರೆ ಅಂದುಕೊಂಡಿದ್ದೇನೆ.

"ಮನೇಲಿ ಕೂತು ಗೋಡೆ ನೋಡ್ತಾ ಇರ್ಬೇಡಿ ಅಮ್ಮ. ವಾರ್ಡ್ ಸಮಿತಿಗೆ ಬನ್ನಿ. ನಿಮ್ಮಂಥ ಅನುಮಾನದೋರೇ ಅಲ್ಲಿಗೆ ಬೇಕಾಗಿರೋದು" ಎಂದು ಅವರೇ ಅರ್ಜಿ ಹಾಕಿಸಿದರು. ಊರಿಗೆ ಕಾರ್ಪೊರೇಟರುಗಳೇ ಇಲ್ಲದ ವರ್ಷಗಳು ಅವು. ಚುನಾವಣೆ ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ತಿಂಗಳಿಗೊಂದು ಶನಿವಾರ ಸಮಿತಿ ಸೇರುತ್ತಿತ್ತು. ಮೋರಿ, ಬೀದಿದೀಪ, ಕಸ, ಇಂಥವನ್ನು ನಾವು ಮಾತಾಡಿ ತೀರ್ಮಾನಿಸುವುದು. ಪಾಲಿಕೆಯ ಎಂಜಿನಿಯರೊಬ್ಬರು ಅಧ್ಯಕ್ಷತೆ ವಹಿಸುವುದು. ಎಂಜಿನಿಯರು ಎಳೆ ವಯಸ್ಸಿನವರು, ಒಳ್ಳೆಯವರು, ಸದಾ ಗಡಿಯಾರ ನೋಡುವವರು.

ಸಮಿತಿಯಲ್ಲಿ ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬಳು ಇರಬೇಕೆಂದಿತ್ತು. ನಾನು ರತ್ನಮ್ಮನ ಹೆಸರು ಹೇಳಿದೆ. ಅವಳು ನಮ್ಮ ಮಾರ್ಕೆಟ್ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದಳು. ಮನೆ ಕತ್ರಿಗುಪ್ಪೆಯಿಂದಾಚೆ. ಅವಳ ಬಾಯಿಗೆ ಹೆದರಿ ನಮ್ಮ ಬೀದಿಯಲ್ಲಿ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಗಂಗಾಧರಯ್ಯನವರು ತಾವೇ ಅವಳ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅರ್ಜಿ ತುಂಬಿಸಿ ಸಹಿ ಹಾಕಿಸಿದರು. ಆಮೇಲೆ ಅವಳು ಅವರನ್ನು ಕಂಡಾಗೆಲ್ಲ "ಅಯ್ನೋರು" ಎಂದು ಎದ್ದು ನಿಲ್ಲುತ್ತಿದ್ದಳು. ನನ್ನನ್ನು ಕಂಡರೆ ಕೂತಲ್ಲಿಂದಲೇ ಕೂಗುತ್ತಿದ್ದಳು.

ಅವಳನ್ನು ಸಮಿತಿಗೆ ತಂದದ್ದರ ಹಿಂದೆ ನನಗೊಂದು ಉದ್ದೇಶವಿತ್ತು. ಒಮ್ಮೆ ಬಿಸಿಲಿನಲ್ಲಿ ಅವಳಿಗೆ ನೀರಿನ ಬಾಟಲಿ ಕೊಡಹೋದಾಗ ಬೇಡವೆಂದಿದ್ದಳು.

"ಬೆಳಗ್ಗೆ ಒಂದ್ ಲೋಟ ಕಾಫಿ ಅಷ್ಟೇ ಅಕ್ಕ. ಆಮೇಲೆ ಮನೆಗೆ ಹೋಗೋಗಂಟ ನೀರ್ ಮುಟ್ಟಲ್ಲ. ಕುಡಿದ್ರೆ ಎಲ್ಲಿಗೆ ಹೋಗ್ಲಿ, ನಿಮ್ಮನೆಗೆ ಬರ್ಲಾ?"

"ಬಾ" ಅಂದೆ.

"ನಿಮ್ಮ ಮಹಡಿ ಹತ್ತಿ ಇಳಿಯೋದ್ರಲ್ಲಿ ಸೊಪ್ಪೆಲ್ಲ ಹಸು ತಿಂದಿರುತ್ತೆ. ಕಾಯೋಕೆ ನಿಮ್ಮ ಇನ್ಸೂರೆನ್ಸ್‌ನೋರು ಬರ್ತಾರಾ?"

ನಕ್ಕೆವು. ಆದರೆ ಆಮೇಲೆ ಗಮನಿಸಿದೆ. ಹೂ ಮಾರುವವಳು, ನಿಂಬೆಹಣ್ಣಿನವಳು, ಕಡಲೆಕಾಯಿಯ ಅಜ್ಜಿ, ಆ ಸಾಲಿನಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಗಂಡಸರಿಗೆ ಟ್ರಾನ್ಸ್‌ಫಾರ್ಮರಿನ ಹಿಂದಿನ ಗೋಡೆಯಿತ್ತು. ರತ್ನಮ್ಮನಿಗೆ ಎರಡು ಸಲ ಉರಿಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಕಿಡ್ನಿಗೆ ಏರಿದರೆ ಕಷ್ಟ ಎಂದು ಡಾಕ್ಟರು ಬೈದು ಕಳಿಸಿದ್ದರು. ಮಾರ್ಕೆಟ್ ಮೂಲೆಯಲ್ಲಿ ಕಸ ಸುರಿಯುತ್ತಿದ್ದ ಪಾಲಿಕೆಯ ತುಂಡು ಜಾಗದಲ್ಲಿ ಹೆಂಗಸರಿಗೊಂದು ಶೌಚಾಲಯ ಆಗಬೇಕು. ಆ ಮಳೆಗಾಲದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ದುಃಖದಲ್ಲಿದ್ದವಳಿಗೆ ಒಂದು ಹಟ ಸಿಕ್ಕರೆ ಊಟ ರುಚಿಸಲು ಶುರುವಾಗುತ್ತದೆ. ನನಗೂ ಹಾಗೇ ಆಯಿತು.

ನಿಯಮದ ಮಾತು ಬಂದದ್ದು ಜೂನ್ ತಿಂಗಳಲ್ಲಿ. ಸದಸ್ಯರೊಬ್ಬರು ತಮ್ಮ ಅಂಗಡಿ ಮುಂದಿನ ಫುಟ್‌ಪಾತಿಗೆ ಮಾತ್ರ ಹೊಸ ಕಲ್ಲು ಹಾಕಿಸಿಕೊಂಡು ಸಿಕ್ಕಿಬಿದ್ದಿದ್ದರು. ಅವರನ್ನು ಎಲ್ಲರೂ ಬೈಯುತ್ತಿದ್ದಾಗ ಗಂಗಾಧರಯ್ಯನವರು ಶಾಂತವಾಗಿ, "ಬೈದ್ರೆ ಏನ್ ಬಂತು? ನಮಗೆ ನಾವೇ ಒಂದು ಕಟ್ಟುಪಾಡು ಹಾಕ್ಕೊಳ್ಳೋಣ" ಎಂದರು. ಚರ್ಚೆಯ ವಿಷಯದಲ್ಲಿ ಯಾರಿಗೆ ಸ್ವಂತದ ಲಾಭವೋ ನಷ್ಟವೋ ಇದೆಯೋ ಅವರು ಎದ್ದು ಹೊರಗೆ ಹೋಗಬೇಕು. ಉಳಿದವರು ತೀರ್ಮಾನ ಮಾಡಿದ ಮೇಲೆ ಒಳಗೆ ಕರೆಯಬೇಕು. ಬರೆಯುವ ಕೆಲಸ ನನಗೆ ಬಿತ್ತು. ವಿಮೆಯ ಭಾಷೆ ಕೈಯಲ್ಲಿತ್ತಲ್ಲ, ಒಂದು ಇರುವೆಯೂ ನುಸುಳದ ಹಾಗೆ ಬರೆದೆ. "ತನಗಾಗಲಿ ತನ್ನ ಮನೆಯವರಿಗಾಗಲಿ ಯಾವುದೇ ಬಗೆಯ ಲಾಭನಷ್ಟ" ಎಂದು ಬರೆದು ಓದಿದಾಗ ಗಂಗಾಧರಯ್ಯನವರು ಭೇಷ್ ಎಂದರು. ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅವರ ಹೆಸರನ್ನು ಸೂಚಿಸಿದವಳು ನಾನೇ. ಬೇರೆ ಯಾರ ಹೆಸರೂ ಯಾರ ಬಾಯಿಗೂ ಬರಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಅವರು ನಿಯಮವನ್ನು ನಡೆದು ತೋರಿಸಿದರು. ಅವರದೇ ಬೀದಿಯ ಮೋರಿ ಮಳೆಗೆ ಉಕ್ಕಿ ಅವರ ಮನೆಯ ನೀರಿನ ಸಂಪಿನೊಳಕ್ಕೇ ಕೊಳಚೆ ನುಗ್ಗಿತ್ತು. ಆ ವಿಷಯ ಬಂದದ್ದೇ ತಡ, ಕನ್ನಡಕ ತೆಗೆದು ಜೇಬಿಗಿಟ್ಟು ಎದ್ದರು.

"ಇದು ನನ್ನ ಬೀದಿ ಮೋರಿ. ನಾನು ಇಲ್ಲಿರಕೂಡದು" ಎಂದು ಕೈಮುಗಿದು ಹೊರಗೆ ಹೋಗಿ ಆ ಬೆಂಚಿನ ಮೇಲೆ ಕೂತರು.

ನಾವು ಮೋರಿಯ ಕೆಲಸಕ್ಕೆ ಒಪ್ಪಿಗೆ ಕೊಟ್ಟೆವು. ಅವರು ಒಳಗೆ ಬಂದಾಗ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದೆವು, ಗಡಿಯಾರ ನೋಡುವ ಎಂಜಿನಿಯರ್ ಕೂಡ. ರತ್ನಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಮೆಟ್ಟಿಲಿಳಿಯುವಾಗ ನನ್ನ ಮೊಣಕೈ ತಿವಿದು ಕೇಳಿದಳು.

"ಎದ್ ಹೋದ್ರೂ ಚಪ್ಪಾಳೆ ಹೊಡೀತಾರಾ ಅಕ್ಕ ಇಲ್ಲಿ? ನಮ್ ಕಡೆ ಎದ್ ಹೋದ್ರೆ ಪೀಡೆ ತೊಲಗ್ತು ಅಂತಾರೆ."

"ಅದು ದೊಡ್ಡ ಗುಣ ಕಣೆ. ಸ್ವಂತದ್ದನ್ನ ಬಿಟ್ಟುಕೊಟ್ರಲ್ಲ" ಅಂದೆ.

ಅವಳು ಏನೋ ಯೋಚಿಸುತ್ತ ಹೌದೆಂದು ತಲೆಯಾಡಿಸಿದಳು.

ಶೌಚಾಲಯದ ವಿಷಯ ಆಗಸ್ಟಿನ ಸಭೆಗೆ ಬಂತು. ಹಿಂದಿನ ಸಂಜೆ ಗಂಗಾಧರಯ್ಯನವರ ಮನೆಯ ಜಗುಲಿಯಲ್ಲಿ ಕೂತು ಅವರು ಬೆರಳು ಮಡಿಸುತ್ತ ಲೆಕ್ಕ ಹಾಕಿದರು. ಅಂಗಡಿಯವರು ವಿರೋಧಿಸುತ್ತಾರೆ, ನಿವಾಸಿಗಳ ಸಂಘದವರು ಮೂಗು ಮುರಿಯುತ್ತಾರೆ. "ಆದ್ರೂ ನಾನು, ನೀವು, ರತ್ನಮ್ಮ, ನಮ್ಮ ಸಮಿತೀಲಿರೋ ಮೇಷ್ಟ್ರು, ಇಷ್ಟ್ ಜನ ಗಟ್ಟಿ. ಪಾಸಾಯ್ತು ಅಂದ್ಕೊಳ್ಳಿ" ಎಂದರು. ಅವರ ಮಡದಿ ಬಿಸಿ ಬಿಸಿ ಮೆಂತ್ಯದ ಕಡುಬು ಕೊಟ್ಟರು. ಮೆಂತ್ಯ ರತ್ನಮ್ಮನ ಬುಟ್ಟಿಯದೇ.

ಮರುದಿನ ಜಡಿಮಳೆ. ರತ್ನಮ್ಮ ಹಬ್ಬಕ್ಕಿಟ್ಟಿದ್ದ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಬಂದಿದ್ದಳು. ಬುಟ್ಟಿಯನ್ನು ಹೂವಿನವಳಿಗೆ ಒಪ್ಪಿಸಿ ಬಂದಿದ್ದಳು. ಮಾರ್ಕೆಟ್ಟಿನ ಹೆಂಗಸರೆಲ್ಲ ಅವಳಿಗೆ ಹೇಳಿ ಕಳಿಸಿದ್ದರಂತೆ, ಬಾಗಿಲಿಗೆ ಒಳಗಿನಿಂದ ಚಿಲಕ ಗಟ್ಟಿಯಾಗಿರಬೇಕು, ದೀಪ ಇರಬೇಕು ಎಂದು. ಬರುತ್ತಾ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಾಗಿ ಹೇಳಿದಳು. ಎಂಜಿನಿಯರು ವಿಷಯವನ್ನು ಓದಿ ಮುಗಿಸಿದರು. ಗಂಗಾಧರಯ್ಯನವರು ಕೈಯೆತ್ತಿದರು. ಬೆಂಬಲಿಸಿ ಮೊದಲ ಮಾತು ಅವರದೇ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಚರ್ಚೆ ಶುರು ಮಾಡೋಕೆ ಮುಂಚೆ ಒಂದು ವಿಷಯ. ರತ್ನಮ್ಮನವರು ಅದೇ ಮಾರ್ಕೆಟ್ಟಲ್ಲಿ ವ್ಯಾಪಾರ ಮಾಡ್ತಾರೆ. ಶೌಚಾಲಯ ಆದ್ರೆ ಅವರಿಗೆ ಪ್ರಯೋಜನ ಇದೆ. ನಿಯಮದ ಪ್ರಕಾರ ಅವರು ಹೊರಗಿರಬೇಕು."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದೊಡನೆ ಅವರ ಕಡೆ ತಿರುಗಿದೆ. "ಸಾರ್, ಇದೇನ್ ಮಾತು? ಅಂಗಡಿ ಕಲ್ಲಿಗೂ ಇದಕ್ಕೂ ಹೋಲಿಕೆನಾ? ಶೌಚಾಲಯ ಬೇಕು ಅನ್ನೋದನ್ನ ಲಾಭ ಅಂತ ಕರೆದ್ರೆ, ನೀರು, ದೀಪ ಎಲ್ಲಾನೂ ಲಾಭವೇ. ಆಮೇಲೆ ಈ ಕೋಣೇಲಿ ಯಾರ್ ಕೂರೋಕಾಗುತ್ತೆ?"

"ಯಾವುದೇ ಬಗೆಯ ಲಾಭ ಅಂತ ಬರೆದಿರೋರು ನೀವೇ ಅಮ್ಮ" ಎಂದರು ಅವರು, ಬಹಳ ಮೆತ್ತಗೆ. "ನನ್ನ ಮೋರಿಗೆ ನಾನು ಎದ್ದು ಹೋಗ್ಲಿಲ್ವಾ? ಅವರಿಗೊಂದು ನನಗೊಂದು ಮಾಡೋಕಾಗುತ್ತಾ?"

ಎಂಜಿನಿಯರು ಗಡಿಯಾರ ನೋಡಿ, ಸರಿ ಹಾಗಾದರೆ ಎಂದರು. ನಾನು ಇನ್ನೂ ಏನೋ ಹೇಳುವುದರಲ್ಲಿದ್ದೆ, ಅಷ್ಟರಲ್ಲಿ ರತ್ನಮ್ಮ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಕೋಪವಾಗಲಿ ಅವಮಾನವಾಗಲಿ ಇರಲಿಲ್ಲ. ಸೆರಗು ಸರಿಮಾಡಿಕೊಂಡು, ಗಂಗಾಧರಯ್ಯನವರು ಮಾಡಿದ ಹಾಗೆಯೇ ಎಲ್ಲರಿಗೂ ಕೈಮುಗಿದಳು. "ಬಿಡಿ ಅಕ್ಕ, ನಾನು ಆಚೆ ಇರ್ತೀನಿ. ನೀವ್ ಮಾತಾಡ್ಕೊಳ್ಳಿ" ಎಂದು ನಗುತ್ತಲೇ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವಳು ಕೂತದ್ದು ನನಗೆ ಕಾಣುತ್ತಿತ್ತು. ಮದುವೆಮನೆಯಲ್ಲಿ ಫೋಟೋಗೆ ಕೂತವರ ಹಾಗಿದ್ದಳು.

ಒಳಗೆ ಎಲ್ಲ ಬೇಗ ಮುಗಿಯಿತು. ವಾಸನೆ ಬರುತ್ತದೆ, ಪುಂಡರು ಸೇರುತ್ತಾರೆ, ಮನೆಗಳ ಬೆಲೆ ಬೀಳುತ್ತದೆ. ಸೋಂಕು, ಜ್ವರ, ನೀರು ಕುಡಿಯದ ಸಾಲು, ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹೇಳಬೇಕಾದವಳು ಹೊರಗಿದ್ದಳು. ಕೈಯೆತ್ತುವ ಹೊತ್ತಿಗೆ ಗಂಗಾಧರಯ್ಯನವರು, "ಉದ್ದೇಶ ಒಳ್ಳೇದೇ. ಆದ್ರೆ ಆ ಜಾಗ ಸರಿಯಿಲ್ಲ. ಬೇರೆ ಕಡೆ ನೋಡೋಣ" ಎಂದು ವಿರೋಧದ ಕಡೆ ಕೈಯೆತ್ತಿದರು. ನಾನು ಅವರ ಮುಖವನ್ನೇ ನೋಡಿದೆ. ಅವರು ಕಿಟಕಿಯಾಚೆಯ ಮಳೆ ನೋಡುತ್ತಿದ್ದರು. ಶೌಚಾಲಯ ಒಂದೇ ಮತದಲ್ಲಿ ಬಿದ್ದುಹೋಯಿತು.

ರತ್ನಮ್ಮನನ್ನು ಒಳಗೆ ಕರೆದರು. ಅವಳು ಬಾಗಿಲಲ್ಲೇ ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಯಾಕೆ ಒಳಗೆ ಬರುತ್ತಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ತಾನೇ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಎಂಜಿನಿಯರು ಮುಂದಿನ ವಿಷಯ ಓದಿದರು.

ಮೆಟ್ಟಿಲ ಮೇಲೆ ನಾನು ಅವಳಿಗೆ ಆದದ್ದನ್ನು ಹೇಳಿದೆ. "ನಂಗೂ ಚಪ್ಪಾಳೆ ಹೊಡೀತೀರ ಅಂದ್ಕೊಂಡಿದ್ದೆ ಅಕ್ಕ" ಅಂದಳು. ಕೊಡೆ ಬಿಚ್ಚುವುದನ್ನೂ ಮರೆತು ಮಳೆಯಲ್ಲೇ ಬುಟ್ಟಿಯ ಕಡೆ ನಡೆದಳು. ಮನೆಗೆ ಬಂದು ನಾನು ಅತ್ತೆ. ನಮ್ಮವರು ಹೋದಾಗ ಅತ್ತದ್ದು ಬೇರೆ, ಇದು ಬೇರೆ. ಇದರಲ್ಲಿ ಸಿಟ್ಟೇ ಹೆಚ್ಚಿತ್ತು.

ಆದರೂ ಹೇಳುತ್ತೇನೆ, ಆ ದಿನ ನಾನು ಗಂಗಾಧರಯ್ಯನವರನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಸಂಜೆ ಅವರೇ ಫೋನು ಮಾಡಿ, "ನಿಯಮ ಒಬ್ಬರಿಗೆ ಬಗ್ಗಿಸಿದ್ರೆ ನಾಳೆ ಎಲ್ರೂ ಬಗ್ಗಿಸ್ತಾರೆ ಅಮ್ಮ, ಬೇಜಾರ್ ಮಾಡ್ಕೋಬೇಡಿ" ಎಂದಿದ್ದರು. ಅತಿ ನಿಷ್ಠೆಯ ಮನುಷ್ಯ, ನಿಯಮದ ಹುಚ್ಚು, ಹೀಗೆಲ್ಲ ಅಂದುಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಣ್ಣನೆಂದುಕೊಂಡವರನ್ನು ಒಂದೇ ಮಧ್ಯಾಹ್ನಕ್ಕೆ ಕಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಅವರು ಮಗಳು ಸಹನಾಳನ್ನು ಕರೆದುಕೊಂಡು ಮನೆಗೆ ಬಂದರು. ಸಹನಾ ಹಲ್ಲಿನ ಡಾಕ್ಟರು. ಬಿಳೇಕಹಳ್ಳಿಗೆ ಕೊಟ್ಟಿದ್ದರು. ನಾನು ಆ ಹುಡುಗಿಯ ಮದುವೆಯಲ್ಲಿ ಆರತಿ ತಟ್ಟೆ ಹಿಡಿದವಳು. ಅವಳು ಕುಂಕುಮದ ಬಟ್ಟಲು ಮುಂದೆ ಹಿಡಿದು, "ಆಂಟಿ, ವಿಜಯದಶಮಿ ದಿನ ನಮ್ಮ ಕ್ಲಿನಿಕ್ ಪೂಜೆ, ಬರ್ಲೇಬೇಕು" ಅಂದಳು. ಗಂಡ ಹೋದವಳಿಗೆ ಕುಂಕುಮ ಕೊಡಲು ಹಿಂಜರಿಯದ ಮನೆ ಅದು. ಅದಕ್ಕೂ ನಾನು ಅವರನ್ನು ಮೆಚ್ಚುತ್ತಿದ್ದೆ. ಸಂತೋಷದಿಂದಲೇ ಹಣೆಗಿಟ್ಟುಕೊಂಡು, ಎಲ್ಲಿ ಕ್ಲಿನಿಕ್ಕು ಎಂದು ಕೇಳಿದೆ.

"ಇಲ್ಲೇ ಆಂಟಿ. ಮಾರ್ಕೆಟ್ ಮೂಲೆ ಕಟ್ಟಡ ಇದೆಯಲ್ಲ, ಮೊದಲನೇ ಮಹಡಿ. ಯುಗಾದಿಗೇ ಅಡ್ವಾನ್ಸ್ ಕೊಟ್ಟಿದ್ವಿ, ಇಂಟೀರಿಯರ್ ಕೆಲಸ ಲೇಟಾಯ್ತು."

ಆ ಕಟ್ಟಡದ ಗೋಡೆಗೆ ಅಂಟಿಕೊಂಡೇ ಇದ್ದದ್ದು ಕಸದ ಜಾಗ. ಶೌಚಾಲಯವಾಗಿದ್ದರೆ ಕ್ಲಿನಿಕ್ಕಿನ ಕಿಟಕಿಯ ಕೆಳಗೇ ಆಗುತ್ತಿತ್ತು. ಯುಗಾದಿಯೆಂದರೆ ನಾವು ನಿಯಮ ಬರೆಯುವುದಕ್ಕೂ ಮುಂಚೆ. ನಾನು ಗಂಗಾಧರಯ್ಯನವರ ಕಡೆ ತಿರುಗಿದೆ.

"ಸಾರ್, ಹಾಗಾದ್ರೆ ಆವತ್ತು ಎದ್ದು ಹೋಗ್ಬೇಕಾಗಿದ್ದೋರು ನೀವಲ್ವಾ?"

ಅವರು ತಡವರಿಸುತ್ತಾರೆ ಎಂದುಕೊಂಡಿದ್ದೆ. ತಡವರಿಸಿದ್ದರೆ ಕ್ಷಮಿಸಿಬಿಡುತ್ತಿದ್ದೆನೋ ಏನೋ. ಅವರು ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ನಕ್ಕರು.

"ನಾನೂ ಅದನ್ನ ಯೋಚನೆ ಮಾಡ್ದೆ ಅಮ್ಮ. ಮಾಡ್ದೆ ಇರ್ತೀನಾ? ನಿಯಮದಲ್ಲಿ ಇರೋದು ತಾನು, ತನ್ನ ಮನೆಯವರು ಅಂತ. ಇವಳು ಈಗ ನಮ್ಮ ಮನೆಯವಳಲ್ವಲ್ಲ. ಕ್ಲಿನಿಕ್ಕು ಇವಳದು, ಇವಳ ಗಂಡನದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಹಿರಿಯರು ಹೇಳಿಲ್ವಾ?"

ಮಗಳ ಎದುರಿಗೇ ಹೇಳಿದರು. ಅವಳು ಬಟ್ಟಲಿನ ಮುಚ್ಚಳ ಹಾಕುತ್ತಿದ್ದಳು, ಹಾಕುತ್ತಲೇ ಇದ್ದಳು. ಅದು ಸರಿಯಾಗಿ ಕೂರಲೇ ಇಲ್ಲ. ಆ ಮಗಳನ್ನು ಓದಿಸಲು ಊರ ಕಡೆಯ ತೆಂಗಿನ ತೋಟ ಮಾರಿದ ಮನುಷ್ಯ ಅವರು. "ನನ್ನ ಮಗಳು ಡಾಕ್ಟ್ರು" ಎಂದು ಹೇಳದ ದಿನವಿರಲಿಲ್ಲ. ಕಟ್ಟುಪಾಡಿನಿಂದ ನುಸುಳಿಕೊಳ್ಳಲು ಅಂಥ ಮಗಳನ್ನೇ ಮನೆಯಿಂದಾಚೆ ನಿಲ್ಲಿಸಿಬಿಟ್ಟಿದ್ದರು. "ಅಪ್ಪ, ಹೊರಡೋಣ" ಎಂದಳು ಸಹನಾ, ನನ್ನ ಮುಖ ನೋಡದೆ. ಅವರು ಹೋದ ಮೇಲೆ ನಾನು ಹಣೆಯ ಕುಂಕುಮ ಒರೆಸಿಕೊಳ್ಳಲಿಲ್ಲ. ಅದು ಹುಡುಗಿ ಕೊಟ್ಟದ್ದು, ಅವಳದೇನು ತಪ್ಪು?

ಹಬ್ಬ ಮುಗಿಯುವುದನ್ನೂ ಕಾಯದೆ ಎಂಜಿನಿಯರ ಬಳಿ ಹೋದೆ. ಅವರು ಕೇಳಿಸಿಕೊಂಡು, ತಲೆ ಕೆರೆದುಕೊಂಡು, "ಬರೆದು ಕೊಡಿ ಮೇಡಂ. ನಿಯಮದ ದೂರು ನೋಡೋ ಸದಸ್ಯರಿಗೆ ಕಳಿಸ್ತೀನಿ" ಎಂದರು.

"ಆ ಸದಸ್ಯರು ಯಾರು ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು ಮೇಡಂ. ಆದ್ರೆ ನೀವು ಬರೆದಿರೋ ನಿಯಮದಲ್ಲಿ ಬೇರೆ ಯಾರಿಗೂ ಕಳ್ಸೋಕೆ ದಾರಿ ಇಲ್ವಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಬೇಲಿಗೇ. ಮುಂದಿನ ಸಭೆಯಲ್ಲಿ ನನ್ನ ದೂರಿನ ಸರದಿ ಬಂದಾಗ, ಕೊನೆಯ ಪಕ್ಷ ಈಗಲಾದರೂ ಗಂಗಾಧರಯ್ಯನವರು ಎದ್ದು ಹೊರಗೆ ಹೋಗಲಿ ಎಂದು ಕೇಳಿದೆ. ಅವರು ಕೂತಲ್ಲಿಂದ ಕದಲಲಿಲ್ಲ. "ತೀರ್ಪು ಹೇಳ್ಬೇಕಾದವನೇ ಹೊರಗೆ ಹೋದ್ರೆ ತೀರ್ಪು ಹೇಳೋರ್ಯಾರು ಅಮ್ಮ?" ಎಂದರು. ಒಂದಿಬ್ಬರು ನಕ್ಕರು. ಪರಿಶೀಲಿಸಲಾಗಿದೆ, ಉಲ್ಲಂಘನೆ ಕಂಡುಬಂದಿಲ್ಲ ಎಂದು ಅವರೇ ಹೇಳಿ, ನಡಾವಳಿಯಲ್ಲಿ ಹಾಗೇ ಬರೆಸಿದರು. ಮೇಷ್ಟ್ರು ನನ್ನ ಕಡೆ ಕನಿಕರದಿಂದ ನೋಡಿದರು. ಅವರ ಕನಿಕರ ಕಟ್ಟಿಕೊಂಡು ನಾನೇನು ಮಾಡಲಿ?

ರತ್ನಮ್ಮ ಆ ಸಭೆಗೆ ಬಂದಿರಲಿಲ್ಲ. ಆಮೇಲೆ ಯಾವ ಸಭೆಗೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಮತ್ತೆ ಜ್ವರ ಬಂದು ಈ ಸಲ ಆಸ್ಪತ್ರೆಗೆ ಸೇರಿದಳು. ಸೋಂಕು ಕಿಡ್ನಿಗೆ ಏರಿತ್ತು. ನೋಡಲು ಹೋದಾಗ ಅವಳ ಮಂಚದ ಪಕ್ಕ ದೊಡ್ಡ ನೀರಿನ ಬಾಟಲಿ ಇತ್ತು. "ನೋಡಿ ಅಕ್ಕ, ಇಲ್ಲಿ ಕುಡೀರಿ ಕುಡೀರಿ ಅಂತ ಬೈತಾರೆ. ಪಕ್ಕದಲ್ಲೇ ಬಾತ್‌ರೂಮು. ರಾಣಿ ಹಂಗಿದೀನಿ" ಎಂದು ನಗಿಸಲು ನೋಡಿದಳು. ವಾಸಿಯಾದ ಮೇಲೆ ಮಾರ್ಕೆಟ್ಟಿಗೆ ಮರಳಲಿಲ್ಲ. ಮನೆಯ ಹತ್ತಿರದ ತಿರುವಿನಲ್ಲಿ ತಳ್ಳುಗಾಡಿ ಹಾಕಿಕೊಂಡಳು. ಅಲ್ಲಿ ಅಷ್ಟು ವ್ಯಾಪಾರವಿಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ ಈಗ ಕ್ಲಿನಿಕ್ಕಿಗೆ ಬರುವವರ ಸ್ಕೂಟರು ನಿಲ್ಲುತ್ತವೆ. ಪಕ್ಕದ ಕಸದ ಜಾಗಕ್ಕೆ ಬಣ್ಣದ ಬೇಲಿ ಹಾಕಿ ಕುಂಡಗಳಲ್ಲಿ ಕಣಗಿಲೆ ಇಟ್ಟಿದ್ದಾರೆ.

ಆಮೇಲೆ ಪಾಲಿಕೆಯನ್ನೇ ಒಡೆದು ಹೊಸದಾಗಿ ಕಟ್ಟಿದರು. ವಾರ್ಡುಗಳ ಗೆರೆ ಬದಲಾಯಿತು, ನಮ್ಮ ಸಮಿತಿ ಇಲ್ಲವಾಯಿತು. ಎಂಜಿನಿಯರಿಗೆ ಬೇಕಾದ ಕಡೆ ವರ್ಗವಾಯಿತು. ನಮ್ಮ ನಿಯಮ ಮಾತ್ರ ಸಾಯಲಿಲ್ಲ. ಬಹಳ ಚೆನ್ನಾಗಿದೆ ಎಂದು ಅಕ್ಕಪಕ್ಕದ ವಾರ್ಡುಗಳವರೂ ನಕಲು ಮಾಡಿಕೊಂಡರಂತೆ.

ಹೋದ ಶನಿವಾರ ನಾನು ಆ ತರಬೇತಿಗೆ ಹೋದದ್ದು ಗಂಗಾಧರಯ್ಯನವರ ಮೇಲಿನ ಗೌರವಕ್ಕಲ್ಲ. ಎಲ್ಲರ ಮುಂದೆ ಕೇಳಿಬಿಡಬೇಕು ಎಂದೇ ಹೋದೆ. ಬೆಳಗಿನಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಕೋಣೆಯೊಳಗೆ ಹೊಸ ಮುಖಗಳು, ಹೊಸ ಕುರ್ಚಿಗಳು. ಹಿಂದಿನ ಸಾಲಿನಲ್ಲಿ ಹೂ ಮುಡಿದ ಒಬ್ಬ ಹೆಂಗಸು, ಪೌರಕಾರ್ಮಿಕರ ಕಡೆಯಿಂದ ಬಂದವಳಂತೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಗ್ರಹಚಾರಕ್ಕೆ ನನ್ನನ್ನು ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ಕೂರಿಸಿದರು.

ಗಂಗಾಧರಯ್ಯನವರು ಮೋರಿಯ ಕತೆ ಹೇಳಿದರು. ಮನೆಗೆ ಕೊಳಚೆ ನುಗ್ಗಿದ್ದು, ಆದರೂ ತಾವು ಎದ್ದದ್ದು, ಕೈಮುಗಿದದ್ದು, ಬೆಂಚಿನ ಮೇಲೆ ಕೂತದ್ದು. ಚೆನ್ನಾಗಿ ಹೇಳಿದರು. ಹೊಸಬರು ಬಾಯಿ ತೆರೆದು ಕೇಳಿದರು. ಕತೆ ಅಲ್ಲಿಗೇ ಮುಗಿಯಿತು, ಆಗಸ್ಟ್ ತಿಂಗಳು ಅದರಲ್ಲಿ ಬರಲೇ ಇಲ್ಲ. "ನಮ್ಮ ಸಮಿತೀಲಿ ಎಲ್ರೂ ಈ ನಿಯಮ ಪಾಲಿಸಿದ್ವಿ. ಒಬ್ಬ ಸೊಪ್ಪಿನ ಹೆಣ್ಣುಮಗಳು ಕೂಡ" ಎಂದು ನನ್ನ ಕಡೆ ತಿರುಗಿ ಮುಗುಳ್ನಕ್ಕರು. "ಅಲ್ವಾ ವಿಮಲಮ್ಮ? ಈಗ ನೀವೊಂದೆರಡು ಮಾತು ಹೇಳಿ."

ಮೈಕು ನನ್ನ ಮುಂದೆ ಬಂತು. ಬೆಳಗಿನಿಂದ ಜೋಡಿಸಿಕೊಂಡಿದ್ದ ಒಂದು ಮಾತೂ ನೆನಪಿಗೆ ಬರಲಿಲ್ಲ. ಎದ್ದು ನಿಂತೆ. ಕೈಮುಗಿದೆ.

"ಈ ವಿಷಯದಲ್ಲಿ ನನಗೆ ಸ್ವಂತದ ನಷ್ಟ ಇದೆ. ನಿಯಮದ ಪ್ರಕಾರ ನಾನು ಇಲ್ಲಿರಕೂಡದು" ಎಂದೆ. ವೇದಿಕೆ ಇಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ನಡೆದೆ.

ನಿಯಮವನ್ನು ನಾನು ನಡೆದು ತೋರಿಸುತ್ತಿದ್ದೇನೆ ಎಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಹೂ ಮುಡಿದ ಆ ಹೆಂಗಸು ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಬಾಗಿಲಲ್ಲಿ ತಿರುಗಿ ನೋಡಿದೆ. ಗಂಗಾಧರಯ್ಯನವರೊಬ್ಬರ ಕೈಗಳು ಮಾತ್ರ ಮೇಜಿನ ಮೇಲೆ ಹಾಗೇ ಇದ್ದವು. ಅವರು ಕಿಟಕಿಯಾಚೆಯ ಮಳೆ ನೋಡುತ್ತಿದ್ದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅದು ಎಡಕ್ಕೆ ವಾಲಿತು. ಒಳಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ರತ್ನಮ್ಮ ಬಾಗಿಲಲ್ಲಿ ನಿಂತು ಕಾದಿದ್ದ ಚಪ್ಪಾಳೆ ಅದು.